ಶ್ರೀಲಂಕಾಕ್ಕೆ ಯಾವ ತಿಂಗಳು? ದಸರಾ ರಜೆಯೋ, ಡಿಸೆಂಬರೋ, ಬೇಸಿಗೆಯೋ?

ಒಂಟಿಕೊಪ್ಪಲು ಓದುಗ · ಭಾನುವಾರ ಬೆಳಿಗ್ಗೆ 10.20
ಎಲ್ಲರಿಗೂ ನಮಸ್ಕಾರ. ಮನೆಯವರೆಲ್ಲ ಸೇರಿ ಶ್ರೀಲಂಕಾ ನೋಡಿಕೊಂಡು ಬರುವುದೆಂದು ತೀರ್ಮಾನವಾಗಿದೆ. ತಿಂಗಳು ಮಾತ್ರ ತೀರ್ಮಾನವಾಗುತ್ತಿಲ್ಲ. ಹೆಂಡತಿ ಶಿಕ್ಷಕಿ, ಮಗಳು ಎಂಟನೇ ತರಗತಿ, ಅಮ್ಮನಿಗೆ ಮಂಡಿನೋವು. ಹೀಗಾಗಿ ನಮಗೆ ಸಿಗುವುದು ಮೂರೇ ಅವಕಾಶ: ದಸರಾ ರಜೆ, ಡಿಸೆಂಬರ್ ಕೊನೆಯ ವಾರ, ಏಪ್ರಿಲ್-ಮೇ. ನೋಡಬೇಕೆಂದಿರುವುದು ಕ್ಯಾಂಡಿ, ನುವರ ಎಳಿಯ, ಸಿಗಿರಿಯ, ಕೊನೆಗೆ ಎರಡು ದಿನ ಕಡಲತೀರ. ಮಳೆಗೆ ಸಿಕ್ಕಿಕೊಳ್ಳದಂತೆ ಯಾವಾಗ ಹೋಗಬಹುದು? ಹೋಗಿ ಬಂದವರು ದಯವಿಟ್ಟು ತಿಳಿಸಿ.

ಕುಕ್ಕರಹಳ್ಳಿ ವಾಯುವಿಹಾರಿ · 10.41
ಇದರಲ್ಲಿ ಚರ್ಚೆಗೆ ಏನೂ ಉಳಿದಿಲ್ಲ. ಡಿಸೆಂಬರಿನಿಂದ ಮಾರ್ಚ್, ಅಷ್ಟೇ. ಬೆಂತೋಟ, ಹಿಕ್ಕಡುವ, ಉನವಟುನ, ಮಿರಿಸ್ಸ, ಎಲ್ಲ ಕಡೆ ಕಡಲು ಶಾಂತವಾಗಿರುತ್ತದೆ. ಮಿರಿಸ್ಸದಿಂದ ದೋಣಿಯಲ್ಲಿ ಹೋದರೆ ನೀಲಿ ತಿಮಿಂಗಿಲ ಕಾಣಲು ಅದೇ ಕಾಲ. ಶ್ರೀಪಾದ ಬೆಟ್ಟದ ಯಾತ್ರೆ ಆರಂಭವಾಗುವುದು ಡಿಸೆಂಬರ್ ಹುಣ್ಣಿಮೆಗೆ, ಮುಗಿಯುವುದು ಮೇ ತಿಂಗಳ ಬುದ್ಧ ಪೂರ್ಣಿಮೆಗೆ. ಕೊಲಂಬೊದ ಸರಾಸರಿ ಮಳೆ ಜನವರಿಯಲ್ಲಿ ಸುಮಾರು 60 ಮಿಲಿಮೀಟರ್, ಅಕ್ಟೋಬರಿನಲ್ಲಿ 350ರ ಆಸುಪಾಸು. ಅಂಕಿಯೇ ಮಾತನಾಡುತ್ತಿದೆ. ಉಳಿದ ತಿಂಗಳುಗಳಲ್ಲಿ ಹೋದವರು ಹೋಟೆಲಿನ ಕಿಟಕಿಯಿಂದ ಹೊರಗೆ ನೋಡಿಕೊಂಡು ವಾಪಸು ಬರುತ್ತಾರೆ.

ನಾಲೆ ಬಯಲು · 11.05
"ಉಳಿದ ತಿಂಗಳುಗಳಲ್ಲಿ" ಎಂದು ಎಂಟು ತಿಂಗಳನ್ನು ಒಂದೇ ಏಟಿಗೆ ಹೊಡೆದು ಹಾಕಿದಿರಲ್ಲ ಸ್ವಾಮಿ. ಆ ದ್ವೀಪಕ್ಕೆ ಬರುವುದು ಎರಡು ಮಳೆ. ಮೇಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಗಾಳಿ ತರುವ ಮಳೆಯನ್ನು ನಡುವಿನ ಬೆಟ್ಟಸಾಲು ತಡೆದು ಪಶ್ಚಿಮಕ್ಕೂ ದಕ್ಷಿಣಕ್ಕೂ ಸುರಿಸುತ್ತದೆ. ಬೆಟ್ಟದ ಆಚೆ, ಅಂದರೆ ಪೂರ್ವ ತೀರದಲ್ಲಿ, ಆಗ ಬಿರುಬಿಸಿಲು. ಮಡಿಕೇರಿಯಲ್ಲಿ ಜಡಿಮಳೆ ಹಿಡಿದಿರುವಾಗ ನಮ್ಮ ಮಂಡ್ಯದಲ್ಲಿ ಮೋಡ ಮಾತ್ರ ತೇಲಿಹೋಗುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಈಶಾನ್ಯದ ಗಾಳಿ ಬಂದಾಗ ಲೆಕ್ಕ ತಿರುಗಾಮುರುಗಾ.

ನಾವು ನಾಲೆಯಲ್ಲಿ ನೀರು ಬಂದು, ಭತ್ತದ ನಾಟಿ ಮುಗಿಸಿ, ಆಗಸ್ಟ್ ಕೊನೆಗೆ ಹೊರಟೆವು. ತ್ರಿಂಕೋಮಲಿಯ ಪಕ್ಕದ ನಿಲಾವೆಲಿಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತರೆ ಕಾಲ ಬೆರಳ ಉಗುರು ಕಾಣುತ್ತಿತ್ತು. ಕೋಣೇಶ್ವರ ದೇವಸ್ಥಾನಕ್ಕೆ ಕೋಟೆಯೊಳಗಿಂದ ದಾರಿ. ಅಲ್ಲಿ ಜಿಂಕೆಗಳು ಬೀದಿ ದನಗಳಂತೆ ಓಡಾಡುತ್ತವೆ. ಒಂದು ನಮ್ಮವಳ ಕೈಚೀಲಕ್ಕೆ ಮೂತಿ ಹಾಕಿ ಪೂಜೆಗೆಂದು ತಂದಿದ್ದ ಬಾಳೆಹಣ್ಣನ್ನು ಸಿಪ್ಪೆ ಸಮೇತ ತಿಂದುಬಿಟ್ಟಿತು. ಆಗಸ್ಟ್‌ನಲ್ಲಿ ಕ್ಯಾಂಡಿಯ ಎಸಳ ಪೆರಹೆರವೂ ಇರುತ್ತದೆ. ಹತ್ತು ರಾತ್ರಿ ಆನೆಗಳ ಮೆರವಣಿಗೆ, ಪಂಜು, ಡೊಳ್ಳು, ಕುಣಿತ. ಇದನ್ನೆಲ್ಲ ಬಿಟ್ಟು ಡಿಸೆಂಬರಿನಲ್ಲಿ ದುಪ್ಪಟ್ಟು ಬಾಡಿಗೆ ಕೊಟ್ಟು ಹೋಗಿ ಎನ್ನುತ್ತೀರಾ?

ಕುಕ್ಕರಹಳ್ಳಿ ವಾಯುವಿಹಾರಿ · 11.18
"ನಾಟಿ ಮುಗಿಸಿ" ಹೊರಡಲು ಕೇಳಿದವರು ರೈತರಲ್ಲ ಗೌಡರೇ, ಅವರ ಮನೆಯಾಕೆ ಶಿಕ್ಷಕಿ. ಆಗಸ್ಟ್‌ನಲ್ಲಿ ಶಾಲೆ ನಡೆಯುತ್ತಿರುತ್ತದೆ. ಪ್ರಶ್ನೆಯನ್ನು ಓದಿ ಉತ್ತರ ಕೊಡುವ ಪದ್ಧತಿಯನ್ನು ಇಟ್ಟುಕೊಳ್ಳೋಣ.

ಸರಸ್ವತಿಪುರಂ ಸೊಸೆ · 11.30
ಪ್ರಶ್ನೆ ಓದುವ ಮಾತು ಬಂತಲ್ಲ, ಹಿರಿಯರೇ, ಪ್ರಶ್ನೆಯಲ್ಲಿ ಸಿಗಿರಿಯವೂ ಇದೆ. ಅದು ಕೊಲಂಬೊ ಪಕ್ಕದಲ್ಲಿಲ್ಲ. ಅದಿರುವುದು ಒಣ ಸೀಮೆಯಲ್ಲಿ, ಆ ಸೀಮೆಗೆ ಮಳೆ ಬರುವುದು ಅಕ್ಟೋಬರಿನಿಂದ ಜನವರಿವರೆಗೆ. ತಾವು ಕೊಟ್ಟಿರುವ 60 ಮಿಲಿಮೀಟರಿನ ಲೆಕ್ಕ ಹಿಡಿದು ಡಿಸೆಂಬರಿನಲ್ಲಿ ಹೋದರೆ ಆ ಬಂಡೆಯ ಸಾವಿರದ ಇನ್ನೂರು ಮೆಟ್ಟಿಲುಗಳನ್ನು ಒದ್ದೆಯಲ್ಲಿ ಹತ್ತಬೇಕು. ಮಂಡಿನೋವಿನ ಅಮ್ಮನವರಂತೂ ಯಾವ ತಿಂಗಳಾದರೂ ಕೆಳಗಿನ ತೋಟದಲ್ಲಿ ಕೂರುವುದೇ ಕ್ಷೇಮ.

ನನ್ನ ಕೇಳಿದರೆ ಏಪ್ರಿಲ್. ಎರಡು ಮಳೆಗಳ ನಡುವಿನ ಬಿಡುವು. ಮಧ್ಯಾಹ್ನದ ಮೇಲೆ ಗುಡುಗಿ ಒಂದೆರಡು ಗಂಟೆ ಸುರಿಯುತ್ತದೆ, ಆಮೇಲೆ ಆಕಾಶ ತೊಳೆದಿಟ್ಟಂತೆ. ಎರಡೂ ಕಡೆಯ ಕಡಲಿಗೂ ಇಳಿಯಬಹುದು. ನುವರ ಎಳಿಯದಲ್ಲಿ ಹೂವಿನ ಕಾಲ, ನಾವು ಊಟಿಗೆ ಮೇ ತಿಂಗಳಲ್ಲಿ ಹೋಗುವ ಹಾಗೆ ಅಲ್ಲಿಯವರು ಏಪ್ರಿಲ್‌ನಲ್ಲಿ ಅಲ್ಲಿಗೆ ಹೋಗುತ್ತಾರೆ.

ಟಿಕೆಟ್ ತಮ್ಮಯ್ಯ · 11.52
ಮೇಡಂ ಹೇಳಿದ್ದು ಅರ್ಧ ಸರಿ. ಅಲ್ಲಿಯವರು ಏಪ್ರಿಲ್‌ನಲ್ಲಿ ಹೋಗುತ್ತಾರೆ, ಅದೇ ತೊಂದರೆ. 13, 14ರಂದು ಸಿಂಹಳ-ತಮಿಳು ಹೊಸ ವರ್ಷ. ಆ ವಾರ ಕೊಲಂಬೊ ಖಾಲಿ, ಅಂಗಡಿಗಳಿಗೆ ಬೀಗ. ನುವರ ಎಳಿಯದಲ್ಲಿ ಕಾರು ಓಟ, ಕುದುರೆ ಓಟ, ಫಲಪುಷ್ಪ ಪ್ರದರ್ಶನ, ಜೊತೆಗೆ ಕೊಠಡಿ ಬಾಡಿಗೆ ಎರಡು ಪಟ್ಟಿಗೂ ಮೇಲೆ. ಹೊಸ ವರ್ಷ ಕಳೆದು ಒಂದು ವಾರ ಬಿಟ್ಟು ಹೊರಡಿ. ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನ, ಒಂದೂವರೆ ಗಂಟೆ ಚಿಲ್ಲರೆ. ನಮ್ಮಲ್ಲಿ ಐದು ರಾತ್ರಿಯ ಪ್ಯಾಕೇಜ್ ಇದೆ, ವಿಚಾರಿಸಬಹುದು.

ದಾಖಲೆ ಕೇಳುವವ · 12.03
"ನಮ್ಮಲ್ಲಿ ಪ್ಯಾಕೇಜ್ ಇದೆ." ಅಲ್ಲಿಗೆ ಹವಾಮಾನದ ಬಗೆಗಿನ ಅಭಿಪ್ರಾಯ ಎಲ್ಲಿಂದ ಬಂತೆಂದು ಗೊತ್ತಾಯಿತು.

ಟಿಕೆಟ್ ತಮ್ಮಯ್ಯ · 12.06
ಸಾರ್, ನಾನು ವ್ಯಾಪಾರಿ, ಮುಚ್ಚಿಟ್ಟಿಲ್ಲ. ಏಪ್ರಿಲ್ 14ರಂದು ಅಂಗಡಿ ಮುಚ್ಚುವುದು ನನ್ನ ಪ್ಯಾಕೇಜಿನಿಂದಲ್ಲ.

ದಾಖಲೆ ಕೇಳುವವ · 12.20
ಇರಲಿ. ಡಿಸೆಂಬರ್ ಪಕ್ಷದವರಿಗೆ ಒಂದು ಪ್ರಶ್ನೆ. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಎಲ್ಲಿಗೆ ಅಪ್ಪಳಿಸಿತು? ಕ್ಯಾಂಡಿ, ನುವರ ಎಳಿಯ, ಬದುಳ್ಳ ಕಡೆಯ ಗುಡ್ಡಗಳು ಕುಸಿದು ನೂರಾರು ಜನ ಸತ್ತರು, ರಸ್ತೆ ಹೋಯಿತು, ರೈಲು ಹಳಿ ಹೋಯಿತು. ಬಂಗಾಳ ಕೊಲ್ಲಿಯಲ್ಲಿ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ವಾಯುಭಾರ ಕುಸಿತ ಹುಟ್ಟುವುದು ಶಾಲಾ ಪುಸ್ತಕದ ವಿಷಯ. ಪೂರ್ವ ತೀರದ ತ್ರಿಂಕೋಮಲಿಯಲ್ಲಿ ನವೆಂಬರ್, ಡಿಸೆಂಬರ್ ಎರಡೂ ತಿಂಗಳ ಸರಾಸರಿ ಮಳೆ 300 ಮಿಲಿಮೀಟರ್ ದಾಟುತ್ತದೆ. ಆ ಅಂಕಿ ವಾಯುವಿಹಾರಿಯವರ ಕಣ್ಣಿಗೆ ಏಕೆ ಬೀಳಲಿಲ್ಲ?

ಕುಕ್ಕರಹಳ್ಳಿ ವಾಯುವಿಹಾರಿ · 12.34
ನಾನು ಹೇಳಿದ್ದು ಡಿಸೆಂಬರಿನಿಂದ. ತಾವು ತಂದದ್ದು ನವೆಂಬರ್. ಒಂದು ತಿಂಗಳ ದುರಂತವನ್ನು ಇನ್ನೊಂದು ತಿಂಗಳ ತಲೆಗೆ ಕಟ್ಟುವುದು ಯಾವ ದಾಖಲೆ? 2004ರ ಸುನಾಮಿ ಡಿಸೆಂಬರ್ 26ರಂದು ಬಂತು, ಅದನ್ನೂ ಸೇರಿಸಿಬಿಡಿ!

ಇನ್ನು ಪೆರಹೆರದ ಬಗ್ಗೆ. ಮೈಸೂರಿನಲ್ಲಿ ಹುಟ್ಟಿ ಬೆಳೆದವರಿಗೆ ಆನೆ ಮೆರವಣಿಗೆ ತೋರಿಸಲು ಕ್ಯಾಂಡಿಗೆ ಕರೆದುಕೊಂಡು ಹೋಗಬೇಕೇ? ಅಷ್ಟಕ್ಕೂ ಆ ಪೆರಹೆರದಲ್ಲಿ ಬುದ್ಧನ ಹಲ್ಲಿನ ಪವಿತ್ರ ಕರಂಡಕವನ್ನು, ಅಂದರೆ ಪೆಟ್ಟಿಗೆಯನ್ನು, ವರ್ಷಗಟ್ಟಲೆ ಹೊತ್ತ ಆನೆ ನಮ್ಮ ಮೈಸೂರಿನದೇ.

ಮದ್ದೂರು ವಡೆ · 12.36
ಓಹೋ! ಆನೆಯೂ ನಮ್ಮದೇ? ಚಹಾ ತೋಟ ಯಾವಾಗ ನಮ್ಮದಾಗುತ್ತದೆ?

ದಾಖಲೆ ಕೇಳುವವ · 12.37
ದಾಖಲೆ?

ಕುಕ್ಕರಹಳ್ಳಿ ವಾಯುವಿಹಾರಿ · 12.58
ನಡುಂಗಮುವ ರಾಜ. 1953ರಲ್ಲಿ ಮೈಸೂರಿನಲ್ಲಿ ಹುಟ್ಟಿದ್ದು. ಮಹಾರಾಜರ ಬಂಧುವೊಬ್ಬರ ಕಾಯಿಲೆಯನ್ನು ವಾಸಿ ಮಾಡಿದ್ದಕ್ಕೆ ಶ್ರೀಲಂಕಾದ ಪಿಳಿಯಂದಲದ ವಿಹಾರದ ವೈದ್ಯ ಭಿಕ್ಷುವಿಗೆ ಕೊಟ್ಟ ಎರಡು ಮರಿಗಳಲ್ಲಿ ಇದೊಂದು. ಹತ್ತೂವರೆ ಅಡಿ ಎತ್ತರ. ರಸ್ತೆಯಲ್ಲಿ ನಡೆದು ಹೋಗುವಾಗ ಬಂದೂಕು ಹಿಡಿದ ಸೈನಿಕರ ಕಾವಲು. 2022ರ ಮಾರ್ಚ್ 7ರಂದು ಸತ್ತಾಗ ಅಲ್ಲಿಯ ಸರ್ಕಾರ ರಾಷ್ಟ್ರೀಯ ಸಂಪತ್ತು ಎಂದು ಘೋಷಿಸಿತು. ಆಗ ಎಲ್ಲ ಪತ್ರಿಕೆಗಳಲ್ಲಿಯೂ ಬಂದಿತ್ತು. ಪತ್ರಿಕೆ ಓದುವ ಅಭ್ಯಾಸ ಇದ್ದವರಿಗೆ ದಾಖಲೆ ಕೇಳುವ ಅಗತ್ಯ ಬೀಳುವುದಿಲ್ಲ.

ದಾಖಲೆ ಕೇಳುವವ · 13.10
"ಮಹಾರಾಜರ" ಎಂದಿರಿ. 1950ರ ಜನವರಿ 26ರ ನಂತರ ಜಯಚಾಮರಾಜ ಒಡೆಯರು ರಾಜಪ್ರಮುಖರು. 1956ರಲ್ಲಿ ರಾಜ್ಯಪಾಲರು. 1953ರಲ್ಲಿ ಹುಟ್ಟಿದ ಮರಿಯನ್ನು ಕೊಟ್ಟ ಮಹಾರಾಜರು ಯಾರು? ಕಾಡಿನ ಆನೆ ಸರ್ಕಾರದ ಆಸ್ತಿ, ರಾಜಪ್ರಮುಖರು ಕೈಯೆತ್ತಿ ಕೊಡುವಂಥದ್ದಲ್ಲ. ಕತೆ ಕಟ್ಟಿದವರಿಗೆ ಇಸವಿ ಹೊಂದಿಸಲು ಬಂದಿಲ್ಲ.

ಕುಕ್ಕರಹಳ್ಳಿ ವಾಯುವಿಹಾರಿ · 13.19
ರಾಜರ ಬಿರುದು, ರಾಜಧನ ಎರಡೂ ರದ್ದಾದದ್ದು 1971ರಲ್ಲಿ. ಅಲ್ಲಿಯವರೆಗೆ ಸಂವಿಧಾನವೇ ಅವರನ್ನು ಮಾನ್ಯ ಮಾಡಿತ್ತು. ತಮಗೆ ಬೇಕಾದ ಇಸವಿಯನ್ನು ಮಾತ್ರ ಆರಿಸಿಕೊಂಡು ಬಂದಿದ್ದೀರಿ. ಆನೆ ಕಾಡಿನದೇ ಆಗಬೇಕೆಂದಿಲ್ಲ, ಅರಮನೆಯ ಗಜಶಾಲೆ ಎಂಬುದೊಂದು ಇತ್ತು.

ನಾಲೆ ಬಯಲು · 13.40
ಹುಟ್ಟಿದ್ದು ಮೈಸೂರಿನಲ್ಲಿ ಎಂದರೆ ದೊಡ್ಡ ಗಡಿಯಾರದ ಪಕ್ಕ ಹುಟ್ಟಿತೇ? ಆ ಕಾಲದಲ್ಲಿ ಆನೆ ಬರುತ್ತಿದ್ದದ್ದು ಹೆಗ್ಗಡದೇವನಕೋಟೆ ಸೀಮೆಯಿಂದ. ಕಾಕನಕೋಟೆಯಲ್ಲಿ ಖೆಡ್ಡಾ ಮಾಡಿ ಹಿಡಿಯುತ್ತಿದ್ದರು, ಕೊನೆಯ ಖೆಡ್ಡಾ 1971ರಲ್ಲಿ. ಆ ಜಾಗದ ಬಹುಪಾಲು ಈಗ ಕಬಿನಿ ಹಿನ್ನೀರಿನಲ್ಲಿ ಮುಳುಗಿದೆ. ಕಾಡು ಅವರದು, ಹಿಡಿಯುವ ಕೆಲಸ ಕುರುಬರದು, ಹೆಸರು ಮಾತ್ರ ಪೇಟೆಯವರದು. ನೀರಿನ ವಿಷಯದಲ್ಲಿಯೂ ಹೀಗೆಯೇ.

ಕುಕ್ಕರಹಳ್ಳಿ ವಾಯುವಿಹಾರಿ · 13.44
ಕಾವೇರಿಯನ್ನು ಇಲ್ಲಿಗೆ ತರಬೇಡಿ ಗೌಡರೇ. ಒಂದು ಆನೆಯನ್ನೇ ನಿಭಾಯಿಸಲು ಆಗುತ್ತಿಲ್ಲ.

ಮದ್ದೂರು ವಡೆ · 13.51
ನಾನು ಆ ಆನೆಯನ್ನು ನೋಡಿದ್ದೇನೆ. ಕ್ಯಾಂಡಿಯ ದಳದಾ ಮಾಳಿಗಾವ, ಅದೇ ಬುದ್ಧನ ಹಲ್ಲಿರುವ ದೇವಾಲಯ, ಅದರ ಆವರಣದ ವಸ್ತುಸಂಗ್ರಹಾಲಯದಲ್ಲಿ ಗಾಜಿನೊಳಗೆ ಚರ್ಮ ತುಂಬಿ ನಿಲ್ಲಿಸಿದ್ದಾರೆ. ಮೈಸೂರಿನ ಆನೆ ಎಂದು ಯಾರೋ ಹೇಳಿದರು. ಚಪ್ಪಲಿ ಹೊರಗೇ ಬಿಟ್ಟಿದ್ದೆ, ಎರಡೂ ಕೈ ಜೋಡಿಸಿ ನಮಸ್ಕಾರ ಹಾಕಿ ಬಂದೆ.

ದಾಖಲೆ ಕೇಳುವವ · 13.57
ನೋಡಿ, ಸಾಕ್ಷಿ ಹೇಳಲು ಬಂದವರೇ ಕೇಸನ್ನು ಕೆಡಿಸಿದರು. ಗಾಜಿನೊಳಗೆ ಇರುವುದು ಬೇರೆ ರಾಜ. ಮಾಳಿಗಾವದ ರಾಜ, ಸತ್ತದ್ದು 1988ರ ಜುಲೈನಲ್ಲಿ. ಅದು ಶ್ರೀಲಂಕಾದ ಪೂರ್ವ ತೀರದ ಮಟ್ಟಕ್ಕಳಪ್ಪು ಕಡೆಯ ಕಾಡಿನದು. ಮೈಸೂರಿಗೂ ಅದಕ್ಕೂ ಸಂಬಂಧವಿಲ್ಲ. ಇಬ್ಬರು ರಾಜರನ್ನು ಒಂದೇ ಮಾಡಿ ಇಬ್ಬರಿಗೂ ಮೈಸೂರಿನ ಪೌರತ್ವ ಕೊಡುತ್ತಿದ್ದೀರಿ.

ಮದ್ದೂರು ವಡೆ · 13.59
ಹಾಕಿದ ನಮಸ್ಕಾರವನ್ನು ಹಿಂದಕ್ಕೆ ಪಡೆಯುವ ವ್ಯವಸ್ಥೆ ಇಲ್ಲ. ಮಟ್ಟಕ್ಕಳಪ್ಪಿನವರಿಗೇ ಇರಲಿ.

ಕುಕ್ಕರಹಳ್ಳಿ ವಾಯುವಿಹಾರಿ · 14.06
ನಾನು ಹೇಳಿದ್ದು ನಡುಂಗಮುವ ರಾಜ ಎಂದು ಹೆಸರು ಹಿಡಿದು. ವಡೆಯವರು ಯಾವ ಆನೆಗೆ ಕೈ ಮುಗಿದರು ಎಂಬುದಕ್ಕೆ ನಾನು ಜವಾಬ್ದಾರನಲ್ಲ. ಮಾಳಿಗಾವದ ರಾಜನನ್ನು ಎಳೆದು ತಂದು ತಾವು ಮೂಲ ಮಾತನ್ನು ತಪ್ಪಿಸುತ್ತಿದ್ದೀರಿ.

ಒಂಟಿಕೊಪ್ಪಲು ಓದುಗ · 14.15
ಎಲ್ಲರಿಗೂ ಧನ್ಯವಾದ. ತುಂಬಾ ವಿಷಯ ತಿಳಿಯಿತು. ದಸರಾ ರಜೆಯಲ್ಲಿ ಹೋಗಬಹುದೇ ಎಂಬುದನ್ನು ಯಾರೂ ಹೇಳಲಿಲ್ಲ.

ಸರಸ್ವತಿಪುರಂ ಸೊಸೆ · 14.30
ಬೇಡ. ಅಕ್ಟೋಬರ್, ನವೆಂಬರಿನಲ್ಲಿ ದ್ವೀಪದ ಯಾವ ಭಾಗವೂ ನಂಬುವ ಹಾಗಿಲ್ಲ. ನೈಋತ್ಯ ಮಳೆ ಹೋಗಿರುವುದಿಲ್ಲ, ಈಶಾನ್ಯ ಮಳೆ ಬಂದಿರುವುದಿಲ್ಲ, ನಡುವೆ ಗುಡುಗು ಮಳೆ ಎಲ್ಲ ಕಡೆ. ಇಲ್ಲಿಯೂ ಜಂಬೂಸವಾರಿಯ ಹೊತ್ತಿಗೆ ಸರಿಯಾಗಿ ಸುರಿಯುವುದಿಲ್ಲವೇ? ಅದೇ ಮೋಡ, ಅದೇ ಕಾಲ. ನಾಗಪಟ್ಟಣದಿಂದ ಕಾಂಕೇಸಂತುರೈಗೆ 2023ರ ಅಕ್ಟೋಬರಿನಲ್ಲಿ ಹಡಗು ಆರಂಭಿಸಿದರು, ಉದ್ಘಾಟನೆಯ ಹೂಮಾಲೆ ಬಾಡುವ ಮೊದಲೇ ಮಳೆಗಾಲವೆಂದು ನಿಲ್ಲಿಸಿದರು. ಮತ್ತೆ ಹೊರಟದ್ದು ಮುಂದಿನ ಆಗಸ್ಟ್‌ನಲ್ಲಿ. ಯಾಳ ಅಭಯಾರಣ್ಯದ ಮುಖ್ಯ ಭಾಗವನ್ನೂ ಸಾಮಾನ್ಯವಾಗಿ ಸೆಪ್ಟೆಂಬರಿನಿಂದ ಅಕ್ಟೋಬರ್ ನಡುವಿನವರೆಗೆ ಮುಚ್ಚಿರುತ್ತಾರೆ, ಚಿರತೆ ನೋಡುವ ಆಸೆಯಿದ್ದರೆ ಅದೂ ಹೋಯಿತು.

ನಾಲೆ ಬಯಲು · 14.41
"ಮತ್ತೆ ಹೊರಟದ್ದು ಆಗಸ್ಟ್‌ನಲ್ಲಿ." ಅಕ್ಕನೇ ಒಪ್ಪಿಕೊಂಡರು. ಹಡಗಿನವರಿಗೆ ತಿಳಿದದ್ದು ವಾಯುವಿಹಾರಿಗಳಿಗೆ ತಿಳಿಯಲಿಲ್ಲ. ಆಗಸ್ಟ್, ಸೆಪ್ಟೆಂಬರ್ ಎಂದರೆ ಇನ್ನೊಂದು ಲಾಭ. ಮಿನ್ನೇರಿಯ ಕೆರೆಯ ನೀರು ಇಳಿದು ಹಸಿ ಹುಲ್ಲು ಏಳುತ್ತದೆ, ಸುತ್ತಲಿನ ಕಾಡಿನ ಆನೆಗಳೆಲ್ಲ ಅಲ್ಲಿಗೇ ಬರುತ್ತವೆ. ಮಹಾಸೇನ ರಾಜ ಕಟ್ಟಿಸಿದ ಕೆರೆ, ಹದಿನೇಳು ಶತಮಾನದ ಹಿಂದಿನದು. ಏರಿಯ ಮೇಲೆ ನಿಂತು ತೂಬನ್ನು ನೋಡಿದೆ, ನಮ್ಮೂರ ಕೆರೆಯ ತೂಬು ಹೂಳು ತುಂಬಿ ನಿಂತು ಎಷ್ಟು ವರ್ಷವಾಯಿತು ಎಂದು ಲೆಕ್ಕ ಹಾಕುತ್ತಾ ಬಂದೆ. ಕಾಡಿನಲ್ಲಿ ನೂರಾರು ಆನೆ ಮರಿಗಳ ಜೊತೆ ಓಡಾಡುವುದನ್ನು ನೋಡುವುದು ಬಿಟ್ಟು, ಸತ್ತ ಒಂದು ಆನೆಯ ಜನ್ಮಪತ್ರಿಕೆಗೆ ಬಡಿದಾಡುತ್ತಿದ್ದೀರಿ.

ದಾಖಲೆ ಕೇಳುವವ · 14.55
"ನೂರಾರು ಆನೆ" ಹಳೆಯ ಸುದ್ದಿ. ಮೊರಗಹಕಂದ ಅಣೆಕಟ್ಟಿನ ನೀರನ್ನು ಆ ಕೆರೆಗೆ ಬಿಡಲು ಆರಂಭಿಸಿದ ಮೇಲೆ ಬೇಸಿಗೆಯಲ್ಲಿಯೂ ನೀರು ಇಳಿಯದೆ ಹುಲ್ಲುಗಾವಲು ಮುಳುಗಿ ಆನೆಗಳು ಕಡಿಮೆಯಾಗಿವೆ ಎಂದು ಅಲ್ಲಿಯ ವನ್ಯಜೀವಿ ತಜ್ಞರೇ ದೂರುತ್ತಿದ್ದಾರೆ. ಅಣೆಕಟ್ಟಿನ ಅಡಿಯವರಿಗೆ ಅಣೆಕಟ್ಟಿನ ಕೇಡು ಕಾಣುವುದಿಲ್ಲ.

ನಾಲೆ ಬಯಲು · 15.02
ಅಣೆಕಟ್ಟಿನ ಅಡಿಯವರು ಬೆಳೆದ ಅನ್ನವನ್ನು ಮಧ್ಯಾಹ್ನ ಉಂಡು ಬಂದು ಬರೆದ ಹಾಗೆ ಇದೆ.

ಅಗ್ರಹಾರದ ಅಳಿಯ · 15.20
ನಾನು ಸುಮ್ಮನೆ ಓದುತ್ತಿದ್ದೆ. ಆದರೆ ಪೆರಹೆರಕ್ಕೆ ಹೋಗಿ, ದಸರಾ ಇದೆ, ಆನೆ ನಮ್ಮದು ಎಂದು ಎದೆ ತಟ್ಟಿಕೊಳ್ಳುವವರಿಗೆಲ್ಲ ಒಂದು ಮಾತು. ಕಾಲಿಗೆ ಸರಪಳಿ, ಕಣ್ಣಿಗೆ ಕುಕ್ಕುವ ದೀಪ, ಕಿವಿಯ ಪಕ್ಕದಲ್ಲಿ ವಾದ್ಯ. ಇದಕ್ಕೆ ಸಂಸ್ಕೃತಿ ಎನ್ನುತ್ತೀರಿ. ಇಲ್ಲಿ 750 ಕಿಲೋ ಅಂಬಾರಿ, ಅಲ್ಲಿ ವಿದ್ಯುತ್ ದೀಪ ಹೊಲಿದ ಜೂಲು. ಎಂಟು ವರ್ಷ ಅಂಬಾರಿ ಹೊತ್ತ ಅರ್ಜುನ ಕೊನೆಗೆ ಹೇಗೆ ಸತ್ತ? 2023ರ ಡಿಸೆಂಬರಿನಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ ಕರೆದುಕೊಂಡು ಹೋಗಿ, ಅರವತ್ತು ದಾಟಿದ ಮೇಲೂ ದುಡಿಸಿ, ಕಾಡಾನೆಯ ದಂತಕ್ಕೆ ಕೊಟ್ಟರು. ಮೆರವಣಿಗೆ ಇರುವ ತಿಂಗಳನ್ನು ತಪ್ಪಿಸಿ ಹೋಗುವುದೇ ಒಳ್ಳೆಯ ಕಾಲ.

ಕುಕ್ಕರಹಳ್ಳಿ ವಾಯುವಿಹಾರಿ · 15.31
"ಎದೆ ತಟ್ಟಿಕೊಳ್ಳುವವರು." ನಾನು ಚಿಕ್ಕಂದಿನಿಂದ ದಸರಾ ಆನೆಗಳಿಗೆ ಕಬ್ಬು ತಿನ್ನಿಸಿದವನು. ಅರ್ಜುನ ಸತ್ತ ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಮಾವುತರು, ಕಾವಾಡಿಗಳು ಆನೆಯನ್ನು ಮಗುವಿನ ಹಾಗೆ ನೋಡಿಕೊಳ್ಳುವುದನ್ನು ಒಂದು ದಿನವಾದರೂ ಅರಮನೆ ಆವರಣಕ್ಕೆ ಬಂದು ನೋಡಿ, ಆಮೇಲೆ ಬರೆಯಿರಿ. ಮೊಬೈಲಿನಲ್ಲಿ ಕರುಣೆ ತೋರಿಸುವುದು ಸುಲಭ.

ಅಗ್ರಹಾರದ ಅಳಿಯ · 15.35
ಮಗುವಿನ ಬೆನ್ನಿನ ಮೇಲೆ 750 ಕಿಲೋ ಇಡುತ್ತೀರಾ?

ಕುಕ್ಕರಹಳ್ಳಿ ವಾಯುವಿಹಾರಿ · 15.36
(ಈ ಪ್ರತಿಕ್ರಿಯೆಯನ್ನು ನಿರ್ವಾಹಕರು ತೆಗೆದುಹಾಕಿದ್ದಾರೆ)

ನಿರ್ವಾಹಕ · 15.50
ವಿಷಯ ಶ್ರೀಲಂಕಾ ಪ್ರವಾಸದ ತಿಂಗಳು. ಆನೆ, ಅಣೆಕಟ್ಟು, ಪರಸ್ಪರರ ಊಟ, ಮನೆತನ ವಿಷಯವಲ್ಲ. ಇನ್ನೊಮ್ಮೆ ಹೇಳಿಸಿಕೊಳ್ಳಬೇಡಿ.

ಮದ್ದೂರು ವಡೆ · 16.02
ನಿರ್ವಾಹಕರ ಅಪ್ಪಣೆಯಂತೆ ವಿಷಯಕ್ಕೆ ಬರುತ್ತೇನೆ. ತಿಂಗಳು ಯಾವುದಾದರೂ ಆಗಲಿ, ಹುಣ್ಣಿಮೆಯನ್ನು ನೋಡಿಕೊಂಡು ಹೊರಡಿ. ಅಲ್ಲಿ ಪ್ರತಿ ಹುಣ್ಣಿಮೆಯೂ ಸರ್ಕಾರಿ ರಜೆ, ಅಂದು ಮದ್ಯ ಸಿಗುವುದಿಲ್ಲ, ಮಾಂಸವೂ ಮಾರುವುದಿಲ್ಲ. ನನ್ನ ಸ್ನೇಹಿತನೊಬ್ಬ ಸಂಜೆ ಕಡಲತೀರದಲ್ಲಿ ಚಂದ್ರೋದಯ ನೋಡುತ್ತಾ ಶರಬತ್ತು ಕುಡಿದ. ಅವನ ಮುಖ ನೋಡಲಾಗುತ್ತಿರಲಿಲ್ಲ.

ಟಿಕೆಟ್ ತಮ್ಮಯ್ಯ · 16.10
ವಡೆ ಅಣ್ಣ ತಮಾಷೆಗೆ ಹೇಳಿದರೂ ಅದು ನಿಜ. ಬುದ್ಧ ಪೂರ್ಣಿಮೆಯ ವಾರದಲ್ಲಿ ಮಾತ್ರ ಹೋಗಬೇಕು ಎನ್ನುವವರೂ ಇದ್ದಾರೆ. ಬೀದಿ ಬೀದಿಗೆ ಕಾಗದದ ಗೂಡುದೀಪ, ದಾರಿಹೋಕರಿಗೆಲ್ಲ ಉಚಿತ ಊಟ, ಪಾನಕ. ಆದರೆ ಅದು ಮೇ ತಿಂಗಳು, ಪಶ್ಚಿಮದಲ್ಲಿ ಮಳೆ ಹಿಡಿಯುವ ಹೊತ್ತು.

ನಿಜವಾದ ಒಳ್ಳೆಯ ಕಾಲ ಫೆಬ್ರವರಿ, ಮಾರ್ಚ್. ಪಶ್ಚಿಮ ಒಣಗಿರುತ್ತದೆ, ಪೂರ್ವದ ಮಳೆ ಮುಗಿದಿರುತ್ತದೆ, ಸಿಗಿರಿಯವೂ ಒಣ, ಬೆಟ್ಟವೂ ತಿಳಿ. ನುವರ ಎಳಿಯ ಹತ್ತಿರದ ಹಾರ್ಟನ್ ಪ್ಲೇನ್ಸ್ ಪ್ರಸ್ಥಭೂಮಿಯಲ್ಲಿ ಬೆಳಿಗ್ಗೆ ಒಂಬತ್ತು ಗಂಟೆಯ ಒಳಗೆ ಪ್ರಪಾತದ ಅಂಚಿಗೆ ತಲುಪಿದರೆ ಮಂಜು ಮುಸುಕುವ ಮೊದಲೇ ನೋಡಿಕೊಂಡು ಬರಬಹುದು. ನಮ್ಮ ಮೈಸೂರಿನವರು ಮಾತ್ರ ಆ ಎರಡು ತಿಂಗಳು ಮಕ್ಕಳ ಪರೀಕ್ಷೆ ಎಂದು ಹೊರಡುವುದಿಲ್ಲ.

ದಾಖಲೆ ಕೇಳುವವ · 16.22
"ನಿಜವಾದ ಒಳ್ಳೆಯ ಕಾಲ" ಫೆಬ್ರವರಿ ಎಂದಾದರೆ ಬೆಳಿಗ್ಗೆ ಏಪ್ರಿಲ್‌ಗೆ ಪ್ಯಾಕೇಜ್ ಏಕೆ ತೋರಿಸಿದಿರಿ?

ಟಿಕೆಟ್ ತಮ್ಮಯ್ಯ · 16.24
ಕೇಳಿದವರಿಗೆ ಫೆಬ್ರವರಿಯಲ್ಲಿ ರಜೆ ಇಲ್ಲ ಸಾರ್. ಇದ್ದರೆ ಫೆಬ್ರವರಿಗೂ ಪ್ಯಾಕೇಜ್ ಇದೆ.

ಕುಕ್ಕರಹಳ್ಳಿ ವಾಯುವಿಹಾರಿ · 16.40
ಡಿಸೆಂಬರಿನಿಂದ ಮಾರ್ಚ್ ಎಂದು ನಾನು ಬೆಳಿಗ್ಗೆ 10.41ಕ್ಕೇ ಹೇಳಿದ್ದೆ. ಫೆಬ್ರವರಿ, ಮಾರ್ಚ್ ಅದರೊಳಗೇ ಬರುತ್ತವೆ. ಇಷ್ಟು ಜನ ಇಷ್ಟು ಹೊತ್ತು ಸುತ್ತಾಡಿ ಬಂದು ನಿಂತದ್ದು ನನ್ನ ಮೊದಲ ಸಾಲಿಗೆ.

ಸರಸ್ವತಿಪುರಂ ಸೊಸೆ · 16.52
ಕೇಳಿದ್ದು ಡಿಸೆಂಬರ್ ಕೊನೆಯ ವಾರದ ಬಗ್ಗೆ. ತಾವು ಗೆದ್ದದ್ದು ಮಾರ್ಚ್‌ನಲ್ಲಿ. ಕ್ರಿಸ್‌ಮಸ್ ಮತ್ತು ಹೊಸ ವರ್ಷದ ನಡುವೆ ಯುರೋಪಿನವರೆಲ್ಲ ಚಳಿ ತಪ್ಪಿಸಿಕೊಂಡು ಅಲ್ಲಿಗೇ ಬರುತ್ತಾರೆ. ಗಾಲೆ ಕೋಟೆಯೊಳಗೆ ಒಂದು ಬೆಂಚು ಖಾಲಿ ಸಿಕ್ಕರೆ ಪುಣ್ಯ. ಸಿಗಿರಿಯದಲ್ಲಿ ಮಳೆ, ನುವರ ಎಳಿಯದಲ್ಲಿ ಹತ್ತು ಡಿಗ್ರಿಯ ಚಳಿ. ಮಂಡಿನೋವಿನವರಿಗೆ ಆ ಚಳಿ ಏನು ಮಾಡುತ್ತದೆ ಎಂದು ಮನೆಯಲ್ಲಿ ಅತ್ತೆಯವರಿಗೆ ಎಣ್ಣೆ ಹಚ್ಚುವವರನ್ನು ಕೇಳಿ. ಅವರಿಗೆ ಬೇಕಾದದ್ದು ಏಪ್ರಿಲ್‌ನ ಬೆಚ್ಚನೆಯ ಬೆಳಗು.

ಕುಕ್ಕರಹಳ್ಳಿ ವಾಯುವಿಹಾರಿ · 16.58
"ಬೆಚ್ಚನೆಯ"! ಏಪ್ರಿಲ್‌ನಲ್ಲಿ ಅನುರಾಧಪುರ, ಸಿಗಿರಿಯದ ಕಡೆ ಬಿಸಿಲಿಗೆ ಬಂಡೆ ಕಾದಿರುತ್ತದೆ ಮೇಡಂ. ರಾಯಚೂರಿನ ಬಿಸಿಲಿಗೆ ಬೆವರನ್ನು ಸೇರಿಸಿ. ಬೌದ್ಧ ಸ್ತೂಪಗಳ ಆವರಣದಲ್ಲಿ ಚಪ್ಪಲಿ, ಟೋಪಿ ಎರಡೂ ತೆಗೆಯಬೇಕು. ರುವನ್ವೆಲಿಸಾಯದ ಸುತ್ತ ಆ ಕಲ್ಲಿನ ಮೇಲೆ ಮಧ್ಯಾಹ್ನ ಒಂದು ಸುತ್ತು ಬಂದವರಿಗೆ ಏಪ್ರಿಲ್ ಎಂದರೆ ಏನೆಂದು ಅಂಗಾಲಿಗೆ ತಿಳಿದಿರುತ್ತದೆ.

ಸರಸ್ವತಿಪುರಂ ಸೊಸೆ · 17.05
ಅನುರಾಧಪುರ ಅವರ ಪಟ್ಟಿಯಲ್ಲಿಯೇ ಇಲ್ಲ. ಪ್ರಶ್ನೆ ಓದುವ ಪದ್ಧತಿ ಎಂದು ಯಾರೋ ಬೆಳಿಗ್ಗೆ ಹೇಳುತ್ತಿದ್ದರು. ಸಿಗಿರಿಯವನ್ನು ಬೆಳಿಗ್ಗೆ ಏಳಕ್ಕೆ ಹತ್ತಿ ಒಂಬತ್ತಕ್ಕೆ ಇಳಿದರೆ ಬಂಡೆ ಕಾಯುವುದರೊಳಗೆ ತಿಂಡಿಗೆ ಕೂತಿರಬಹುದು.

ನಾಲೆ ಬಯಲು · 17.20
ಏಪ್ರಿಲ್‌ನಲ್ಲಿ ಬಿಸಿಲು, ಡಿಸೆಂಬರಿನಲ್ಲಿ ಮಳೆ, ಅಕ್ಟೋಬರಿನಲ್ಲಿ ಎಲ್ಲವೂ ಕೆಟ್ಟದ್ದು. ಇಷ್ಟನ್ನು ನೀವು ನೀವೇ ಒಬ್ಬರ ಮೇಲೊಬ್ಬರು ಸಾಬೀತು ಮಾಡಿದಿರಿ. ಉಳಿದದ್ದು ಯಾವುದು? ಮಗಳಿಗೆ ಸ್ವಾತಂತ್ರ್ಯ ದಿನದ ಆಸುಪಾಸು ಆರು ದಿನ ರಜೆ ಹಾಕಿಸಿ. ಎಂಟನೇ ತರಗತಿಯಲ್ಲಿ ಆರು ದಿನ ಹೋಗದಿದ್ದರೆ ಆಕಾಶ ಕಳಚಿ ಬೀಳುವುದಿಲ್ಲ. ಜಾಫ್ನಾದ ನಲ್ಲೂರು ಕಂದಸ್ವಾಮಿಯ ಜಾತ್ರೆಯೂ ಆಗಲೇ, ಇಪ್ಪತ್ತೈದು ದಿನ ನಡೆಯುತ್ತದೆ.

ಅಗ್ರಹಾರದ ಅಳಿಯ · 17.24
ಶಿಕ್ಷಕಿಯ ಮಗಳಿಗೆ ಶಾಲೆ ತಪ್ಪಿಸಿ ಎನ್ನುವ ಸಲಹೆ ಇವತ್ತಿನ ಅತ್ಯುತ್ತಮ ಸಲಹೆ.

ಒಂಟಿಕೊಪ್ಪಲು ಓದುಗ · 20.15
ಮನೆಯಲ್ಲಿ ಮಾತಾಡಿದೆವು. ಏಪ್ರಿಲ್ ಕೊನೆಯ ವಾರಕ್ಕೆ ಟಿಕೆಟ್ ಮಾಡಿಸಿದ್ದೇವೆ. ಕಡಲತೀರಕ್ಕೆ ಇನ್ನೂ ಪೂರ್ವವೋ ಪಶ್ಚಿಮವೋ ನಿರ್ಧಾರವಾಗಿಲ್ಲ. ಕ್ಯಾಂಡಿಯಿಂದ ನುವರ ಎಳಿಯಕ್ಕೆ ರೈಲಿನಲ್ಲಿ ಹೋಗುವ ಆಸೆ ಮಗಳಿಗೆ.

ಕುಕ್ಕರಹಳ್ಳಿ ವಾಯುವಿಹಾರಿ · 20.19
ಏಪ್ರಿಲ್. ಸರಿ, ತಮ್ಮ ಇಷ್ಟ. ಅಂಗಾಲಿಗೆ ಹಚ್ಚಲು ಏನಾದರೂ ಇಟ್ಟುಕೊಳ್ಳಿ.

ದಾಖಲೆ ಕೇಳುವವ · 20.26
ಆನೆಯನ್ನು ಕೊಟ್ಟ ಕಾಗದ ಇನ್ನೂ ಬಂದಿಲ್ಲ.

ಕುಕ್ಕರಹಳ್ಳಿ ವಾಯುವಿಹಾರಿ · 20.28
ಅರಮನೆಯ ಉಡುಗೊರೆಗೆ ರಸೀದಿ ಕೇಳುವವರನ್ನು ಇವತ್ತೇ ನೋಡಿದ್ದು.

ಟಿಕೆಟ್ ತಮ್ಮಯ್ಯ · 20.40
ಓದುಗರೇ, ಏಪ್ರಿಲ್ ಕೊನೆಗೆ ಪೂರ್ವದ ನಿಲಾವೆಲಿಯೇ ವಾಸಿ. ಪಶ್ಚಿಮದಲ್ಲಿ ಅಲೆ ಏಳಲು ಆರಂಭವಾಗಿರುತ್ತದೆ, ಕೆಂಪು ಬಾವುಟ ಕಂಡರೆ ನೀರಿಗೆ ಇಳಿಯಬೇಡಿ. ಸಿಗಿರಿಯದಿಂದ ತ್ರಿಂಕೋಮಲಿಗೆ ದೂರವೂ ಹೆಚ್ಚಿಲ್ಲ. ಮೊದಲು ಬೆಟ್ಟ ಮುಗಿಸಿ ಆಮೇಲೆ ಅತ್ತ ಹೋಗಿ. ರೈಲಿಗೆ ಒಂದು ತಿಂಗಳ ಮೊದಲೇ ಸೀಟು ಕಾದಿರಿಸಬೇಕು, ಬುಕಿಂಗ್ ತೆರೆದ ಕೂಡಲೇ ಖಾಲಿಯಾಗುತ್ತದೆ. ಚಂಡಮಾರುತದಲ್ಲಿ ಕೆಟ್ಟ ಹಳಿಯಲ್ಲಿ ಯಾವ ನಿಲ್ದಾಣದವರೆಗೆ ಗಾಡಿ ಓಡುತ್ತಿದೆ ಎಂದು ವಿಚಾರಿಸಿಕೊಂಡೇ ದುಡ್ಡು ಕಟ್ಟಿ. ಇಳಿಯುವ ನಿಲ್ದಾಣದ ಹೆಸರು "ನಾನು ಓಯ", ಅಲ್ಲಿಂದ ಆಟೊ. ಕ್ಯಾಂಡಿಯಿಂದ ಹೋಗುವಾಗ ಬಲಗಡೆಯ ಕಿಟಕಿ ಕೇಳಿ, ಚಹಾ ತೋಟ, ಜಲಪಾತ ಎಲ್ಲ ಆ ಕಡೆಗೇ ಚೆನ್ನಾಗಿ ಕಾಣುತ್ತವೆ.

ನಾಲೆ ಬಯಲು · 20.44
ಕೊನೆಗೂ ನಿಲಾವೆಲಿ. ಬಾಳೆಹಣ್ಣನ್ನು ಚೀಲದ ಅಡಿಯಲ್ಲಿ ಇಡಿ.

ಕುಕ್ಕರಹಳ್ಳಿ ವಾಯುವಿಹಾರಿ · 20.47
ಬಲಗಡೆಯಲ್ಲ, ಎಡಗಡೆ.